ಇಬ್ಬರು ಯಜಮಾನರು, ಒಬ್ಬ ಸೇವಕ, 60ರ ದಶಕದ ವೇಷ: ಆಡಿಸಿದವರು ಹೇಳಿ

ಪ್ರಶ್ನೆ:
ನಮ್ಮ ಯುವ ತಂಡ ಇಟಲಿಯ ನಾಟಕಕಾರ ಗೊಲ್ದೋನಿಯ ‘ಇಬ್ಬರು ಯಜಮಾನರ ಸೇವಕ’ ಆಡಲು ಹೊರಟಿದೆ. ಎಲ್ಲರೂ 15ರಿಂದ 20 ವರ್ಷದವರು. ಊರು ವೆನಿಸ್ ಆಗಿಯೇ ಇರಲಿ, ಕಾಲವನ್ನು ಮಾತ್ರ 1960ರ ದಶಕಕ್ಕೆ ತರೋಣ ಅನ್ನುವುದು ಮಕ್ಕಳ ಆಸೆ. ಎಲ್ಲಿಂದ ಶುರು ಮಾಡಲಿ? ಎಲ್ಲಿ ಕೈಕೊಡುತ್ತದೆ?

ಒಬ್ಬರು:
60ರ ದಶಕ ಒಳ್ಳೆಯ ಆಯ್ಕೆ. ಇನ್ನೂ ಈಚೆಗೆ ಮಾತ್ರ ಬರಬೇಡಿ. ಈ ಕಥೆ ನಿಂತಿರುವುದೇ ಕಾಗದ ಮತ್ತು ಪೆಟ್ಟಿಗೆಗಳ ಮೇಲೆ. ಸೇವಕ ತ್ರುಫಲ್ದೀನೋಗೆ ಓದಲು ಬರುವುದಿಲ್ಲ, ಅದಕ್ಕೇ ಕಾಗದಗಳು ಅದಲುಬದಲಾಗುತ್ತವೆ. ಅವನ ಯಜಮಾನರಾದ ಪ್ರೇಮಿಗಳು ಬೆಯಾತ್ರೀಚೆ, ಫ್ಲೋರಿಂದೋ ಇಬ್ಬರೂ ಒಂದೇ ಸೂರಿನಡಿ ಇದ್ದರೂ ಒಬ್ಬರಿಗೊಬ್ಬರು ಗೊತ್ತಾಗುವುದಿಲ್ಲ.

ನಾವು ಮೊದಲು 80ರ ದಶಕ ಅಂದುಕೊಂಡು ಹೋಟೆಲ್ ಕೋಣೆಯಲ್ಲಿ ಒಂದು ಚೆಂದದ ಫೋನ್ ಇಟ್ಟಿದ್ದೆವು. ಮೂರನೇ ದಿನದ ತಾಲೀಮಿನಲ್ಲಿ ಒಬ್ಬ ಹುಡುಗಿ ಕೇಳಿದಳು: ‘ಸರ್, ಕೆಳಗೆ ಕೌಂಟರ್‌ಗೆ ಒಂದು ಫೋನ್ ಮಾಡಿ ಕೇಳಿದ್ರೆ ಕಥೆ ಮುಗೀತಲ್ವಾ?’ ಅವಳು ಹೇಳಿದ್ದು ನಿಜ. ಅವತ್ತೇ ಫೋನ್ ತೆಗೆದೆವು, ಕಾಲವನ್ನೂ ಹಿಂದಕ್ಕೆ ತಳ್ಳಿದೆವು. ಯಾವ ಹಳೇ ವಸ್ತು ತಂದರೂ ಅದು ಗೊಂದಲ ಹೆಚ್ಚಿಸುತ್ತದೋ, ಬಿಡಿಸಿಬಿಡುತ್ತದೋ ನೋಡಿ. ಬಿಡಿಸುವುದಾದರೆ ಎಷ್ಟೇ ಚೆಂದ ಇದ್ದರೂ ಬೇಡ.

ಇನ್ನೊಂದು. ಇಟಲಿ, 60ರ ದಶಕ ಅಂದ ಕೂಡಲೇ ಎಲ್ಲರಿಗೂ ವೆಸ್ಪಾ ಸ್ಕೂಟರ್ ನೆನಪಾಗುತ್ತದೆ. ಆದರೆ ವೆನಿಸ್‌ನಲ್ಲಿ ಓಡಾಡುವುದು ಕಾಲುವೆ, ಓಣಿ, ಮೆಟ್ಟಿಲಿರುವ ಸೇತುವೆಗಳ ಮೇಲೆ. ಅಲ್ಲಿ ಸ್ಕೂಟರ್‌ಗೆ ಜಾಗವಿಲ್ಲ. ಟ್ರಾನ್ಸಿಸ್ಟರ್ ರೇಡಿಯೊ, ರೆಕಾರ್ಡ್ ಪ್ಲೇಯರ್, ತೆಳು ಟೈ, ಪಟ್ಟೆ ಬನಿಯನ್ ಸಾಕು.

ಇನ್ನೊಬ್ಬರು:
ವೇಷಕ್ಕಿಂತ ಮೊದಲು ಹಸಿವನ್ನು ಹಿಡಿಯಿರಿ. ತ್ರುಫಲ್ದೀನೋ ಇಬ್ಬರ ಹತ್ತಿರ ಕೆಲಸಕ್ಕೆ ಸೇರುವುದು ಎರಡು ಸಂಬಳ, ಎರಡು ಊಟ ಸಿಗಲಿ ಅಂತ. ಅದು ಕಾಣದಿದ್ದರೆ ಅವನು ಸುಮ್ನೆ ಕುಣಿಯುವ ಕೋಡಂಗಿ ಆಗಿಬಿಡುತ್ತಾನೆ.

ಬ್ರೆಡ್ಡಿನ ದೃಶ್ಯ ನೋಡಿ. ಒಡೆದ ಕಾಗದವನ್ನು ಮತ್ತೆ ಅಂಟಿಸಲು ಅವನು ಬ್ರೆಡ್ ಅಗಿದು ಮೆತ್ತಗೆ ಮಾಡುತ್ತಾನೆ, ಆದರೆ ಹಸಿವಿಗೆ ನುಂಗಿಬಿಡುತ್ತಾನೆ. ನಮ್ಮ ಹುಡುಗ ಮೊದಮೊದಲು ಮುಖ ಕಿವುಚಿ ನಗಿಸಲು ನೋಡಿದ. ಯಾರೂ ನಗಲಿಲ್ಲ. ಒಂದು ಸಂಜೆ ಹೇಳಿದೆ: ‘ನಗಿಸಬೇಡ ಕಣೋ, ನಿಜವಾಗಿ ಕಾಗದ ಅಂಟಿಸು.’ ಅವನು ತುಂಬಾ ಗಮನವಿಟ್ಟು ಅಗಿದ. ಗಂಟಲು ತಾನಾಗಿ ನುಂಗಿತು. ಅವನು ಬೆರಳು ಬಾಯಿಗೆ ಹಾಕಿ ಹುಡುಕಿದ, ಇಲ್ಲ. ಕಣ್ಣಲ್ಲಿ ನಿಜವಾದ ದುಃಖ. ಬಾಗಿಲ ಹತ್ತಿರ ಕೂತಿದ್ದ ಬೆಳಕಿನ ಹುಡುಗರು ಹೊಟ್ಟೆ ಹಿಡಿದು ನಕ್ಕರು. ಹಾಂ, ಒಣ ಬ್ರೆಡ್ ಬೇಡ. ಗಂಟಲಿಗೆ ಸಿಕ್ಕಿ ಮುಂದಿನ ಮಾತೇ ಹೊರಡುವುದಿಲ್ಲ. ಮೆತ್ತನೆಯ ಚಿಕ್ಕ ತುಣುಕು ಕೊಡಿ, ಪರದೆ ಪಕ್ಕ ನೀರಿಡಿ.

ಎರಡು ಊಟ ಬಡಿಸುವ ದೃಶ್ಯಕ್ಕೆ ಒಟ್ಟು ತಾಲೀಮಿನ ಮೂರನೇ ಒಂದು ಭಾಗ ಎತ್ತಿಡಿ. ಯಾವ ಪಾತ್ರೆ ಯಾವ ಬಾಗಿಲಿಂದ ಬಂದು ಎಲ್ಲಿಗೆ ಹೋಗುತ್ತದೆ ಅಂತ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆಯಿರಿ. ಮೊದಲ ದಿನದಿಂದಲೇ ನಿಜವಾದ ಪಾತ್ರೆ ಕೊಡಿ. ಕೈಗೆ ಭಾರ ಅಭ್ಯಾಸವಾಗಬೇಕು.

ಮತ್ತೊಬ್ಬರು:
ಮಕ್ಕಳು ತಮ್ಮ ಮಾತು ಸೇರಿಸುತ್ತಾರೆ, ಸೇರಿಸಲಿ. ಈ ನಾಟಕ ಹುಟ್ಟಿದ್ದೇ ಹಾಗೆ. ಆಂತೋನಿಯೊ ಸಾಕ್ಕಿ ಎಂಬ ನಟನಿಗಾಗಿ ಗೊಲ್ದೋನಿ 1745ರ ಹೊತ್ತಿಗೆ ಬರೆದಾಗ ಬಹುಪಾಲು ಬರೀ ಕಥೆಯ ಹಂದರ ಇತ್ತು, ಮಾತನ್ನು ನಟರೇ ಕಟ್ಟುತ್ತಿದ್ದರು. ಆಮೇಲೆ ಕೆಲವು ನಟರು ಅತಿ ಮಾಡುವುದು ನೋಡಿ ಗೊಲ್ದೋನಿಯವರೇ ಪೂರ್ತಿ ಬರೆದರು. ನೀವೂ ಹಾಗೇ ಮಾಡಿ. ಮೂರು ವಾರ ಆಟ ಆಡಲು ಬಿಡಿ, ಚೆನ್ನಾಗಿ ಬಂದದ್ದನ್ನು ಬರೆದುಕೊಳ್ಳಿ, ಆಮೇಲೆ ಬೀಗ ಹಾಕಿ. ನಾವು ಬೀಗ ಹಾಕಲಿಲ್ಲ. ಪ್ರದರ್ಶನದ ದಿನ ನಾಟಕ 25 ನಿಮಿಷ ಉದ್ದವಾಯಿತು, ಕೊನೆಯ ದೃಶ್ಯ ನೋಡಲು ಅರ್ಧ ಜನ ಇರಲಿಲ್ಲ. ಬೆಯಾತ್ರೀಚೆ ಆಡಿದ ಹುಡುಗಿ ಅತ್ತಿದ್ದು ಇನ್ನೂ ನೆನಪಿದೆ.

ಹಕ್ಕಿನ ವಿಷಯ ಮರೆಯಬೇಡಿ. ಗೊಲ್ದೋನಿ ತೀರಿಕೊಂಡದ್ದು 1793ರಲ್ಲಿ, ಮೂಲಕ್ಕೆ ಯಾರ ಅನುಮತಿಯೂ ಬೇಡ. ಆದರೆ ಈಚಿನ ಅನುವಾದ, ರೂಪಾಂತರಗಳಿಗೆ ಬೇಕು. ಇದೇ ಕಥೆಯನ್ನು 1963ರ ಬ್ರೈಟನ್‌ಗೆ ಒಯ್ದ ರಿಚರ್ಡ್ ಬೀನ್ ಅವರ ಇಂಗ್ಲಿಷ್ ನಾಟಕ 2011ರಲ್ಲಿ ಲಂಡನ್‌ನಲ್ಲಿ ಬಂತು. ಅದರ ಹಾಸ್ಯ ನಿಮ್ಮ ಸ್ಕ್ರಿಪ್ಟಿಗೆ ಗೊತ್ತಿಲ್ಲದೆ ನುಸುಳದಂತೆ ನೋಡಿಕೊಳ್ಳಿ.

ಕೇಳಿದವರು:
ತುಂಬಾ ಥ್ಯಾಂಕ್ಸ್. ಸ್ಕೂಟರ್ ಕೈಬಿಟ್ಟೆವು. ನಾಳೆ ಸೀಮೆಸುಣ್ಣ, ನಾಲ್ಕು ತಟ್ಟೆ, ಒಂದು ಸೂಪಿನ ಬೋಗುಣಿ ತರುತ್ತಿದ್ದೇನೆ. ಮುದುಕ ವ್ಯಾಪಾರಿ ಪಂತಲೋನೆಗೆ ಮುಖವಾಡ ಇರಲೋ ಬೇಡವೋ, ಅದೊಂದು ಯಾರಾದರೂ ಹೇಳಿ.