ಪದಚರ್ಚೆ: 'ಗ್ರೂವ್'ಗೆ ಏನಂತೀರಿ? ಒಂದು ಡಿಸ್ಕೊ-ಪಾಪ್ ಆಲ್ಬಮ್ಮಿನ ನೆಪದಲ್ಲಿ

ಪ್ರಶ್ನೆ (ಕಲಬುರಗಿಯಿಂದ)

ಎಲ್ಲರಿಗೂ ಶರಣು.

ಬ್ರಿಟಿಷ್ ಪಾಪ್ ಗಾಯಕಿ ದುವಾ ಲಿಪಾ ಅವರ 'ಫ್ಯೂಚರ್ ನೊಸ್ಟಾಲ್ಜಿಯಾ' ಕುರಿತು ಕನ್ನಡದಲ್ಲಿ ಬರೆಯುತ್ತಿದ್ದೇನೆ. 2020ರ ಮಾರ್ಚ್ 27ರಂದು ಬಂದ ಆಲ್ಬಮ್. 11 ಹಾಡು, ಒಟ್ಟು ಸುಮಾರು 37 ನಿಮಿಷ. ದನಿ, ಸಾಹಿತ್ಯ, ಅಲಂಕಾರ ಇವುಗಳ ಬಗ್ಗೆ ಬರೆಯಲು ಪದಕ್ಕೆ ಬರವಿಲ್ಲ. ಪೆನ್ನು ನಿಲ್ಲುವುದು ವಾದ್ಯದ ಮಾತು ಬಂದಾಗ. ನನ್ನ ಮಟ್ಟಿಗೆ ಈ ಆಲ್ಬಮ್ ನಿಂತಿರುವುದೇ ಕೆಳಗಿನ ಸ್ವರ ನುಡಿಸುವ ಬೇಸ್ ಗಿಟಾರಿನ ಮೇಲೆ. ಹಾಡುಗಾರ್ತಿ ಬಾಯಿ ತೆರೆಯುವ ಮೊದಲೇ ಬೇಸ್ ನಮ್ಮ ಕಾಲನ್ನು ಎಬ್ಬಿಸಿರುತ್ತದೆ. ಕೊನೆಯ ಎರಡು ಹಾಡು ಬಂದಾಗ ಆ ಹಿಡಿತ ಸಡಿಲಾಗುತ್ತದೆ. ಆ ಎರಡನ್ನು ಬಿಟ್ಟು 9 ಹಾಡಿಗೇ ನಿಲ್ಲಿಸಿದ್ದರೆ ಚೆನ್ನಿತ್ತು ಎನ್ನುವವನು ನಾನು.

ಇದನ್ನು, ಅಂದರೆ ಡ್ರಮ್, ಬೇಸ್, ಗಿಟಾರ್ ಕೂಡಿ ಕಾಲನ್ನು ಕುಣಿಸುವ ಆ ಹಿಡಿತವನ್ನು, ಹೇಳಲು ಇಂಗ್ಲಿಷಿನ 'ಗ್ರೂವ್' ಬೇಕು. 'ಲಯ' ಎಂದು ಬರೆದರೆ ಓದುಗ ವೇಗ ಎಂದುಕೊಳ್ಳುತ್ತಾನೆ. 'ತಾಳ' ಎಂದರೆ ಮಾತ್ರೆಗಳ ಲೆಕ್ಕವಾಯಿತು. ಪತ್ರಿಕೆಗಳಲ್ಲಿ ಕಾಣುವ 'ಲಯಬದ್ಧತೆ' ಗಡಿಯಾರಕ್ಕೂ ಹೊಂದುತ್ತದೆ, ಹೊಲಿಗೆ ಯಂತ್ರಕ್ಕೂ ಹೊಂದುತ್ತದೆ. ಜತೆಗೆ 'ಫೋರ್ ಆನ್ ದ ಫ್ಲೋರ್', 'ಸ್ಯಾಂಪಲ್', 'ಇಂಟರ್‌ಪೊಲೇಷನ್', 'ಪ್ರೀ ಕೋರಸ್' ಇವಕ್ಕೂ ನಮ್ಮ ಕಡೆ ಬಾಯಲ್ಲಿರುವ ಮಾತು ಇದ್ದರೆ ತಿಳಿಸಿ. ನಿಘಂಟಿನಿಂದ ಹೊಸದಾಗಿ ಕಟ್ಟಿದ ಪದ ಬೇಡ.

ಉತ್ತರ (ಬೀದರಿನಿಂದ)

ಮೊದಲು 'ಫೋರ್ ಆನ್ ದ ಫ್ಲೋರ್' ಬಿಡಿಸೋಣ. ಗ್ರೂವ್ ಎನ್ನುವುದು ಅದರ ಮೇಲೆ ಕೂರುವ ಸಂಗತಿ.

ತಬಲಾ ಗೊತ್ತಿದ್ದವರಿಗೆ ಹೀಗೆ ಹೇಳಬಹುದು. ಕೇಹರವಾ ತಾಳದಂತೆ 8 ಮಾತ್ರೆ ಎಣಿಸಿಕೊಳ್ಳಿ. 1, 3, 5, 7ರ ಮೇಲೆ ಕಾಲಿನಿಂದ ತುಳಿದು ಬಾರಿಸುವ ದೊಡ್ಡ ಡ್ರಮ್, ಅಂದರೆ ಕಿಕ್. 2, 4, 6, 8ರ ಮೇಲೆ ಬಾಯಿ ತೆರೆದ ಹೈ-ಹ್ಯಾಟಿನ (ಒಂದರ ಮೇಲೊಂದು ಕೂರುವ ಜೋಡಿ ಕಂಚಿನ ತಟ್ಟೆಗಳ) 'ತ್ಸ್' ಸದ್ದು. 3 ಮತ್ತು 7ಕ್ಕೆ ಚಪ್ಪಾಳೆ ಅಥವಾ ಸ್ನೇರ್ ಎಂಬ ಚುರುಕು ದನಿಯ ಸಣ್ಣ ಡ್ರಮ್. ಇಷ್ಟೇ ಡಿಸ್ಕೊದ ಬುನಾದಿ. ಫಿಲಡೆಲ್ಫಿಯಾದ ಡ್ರಮ್ ವಾದಕ ಅರ್ಲ್ ಯಂಗ್ 1973ರ ಸುಮಾರಿಗೆ ಇದಕ್ಕೆ ರೂಪ ಕೊಟ್ಟರು ಎಂದು ಸಾಮಾನ್ಯವಾಗಿ ಒಪ್ಪುತ್ತಾರೆ.

ಆದರೆ ಇದನ್ನು ಕೇಹರವಾ ಎಂದು ಬರೆಯಬೇಡಿ. ಕೇಹರವಾದಲ್ಲಿ 1ಕ್ಕೆ ಸಮ್ (ಸುತ್ತು ಶುರುವಾಗುವ ಪೆಟ್ಟು), 5ಕ್ಕೆ ಖಾಲಿ (ಒತ್ತಿಲ್ಲದ ಪೆಟ್ಟು). ಖಾಲಿಯಲ್ಲಿ ಡಗ್ಗಾದ, ಅಂದರೆ ಎಡಗೈ ತಬಲಾದ, ಗುಂಗು ತಗ್ಗುವುದರಿಂದಲೇ ಆವರ್ತನ ಸುತ್ತಿ ಬಂತು ಎಂದು ಕಿವಿಗೆ ತಿಳಿಯುತ್ತದೆ. ಡಿಸ್ಕೊದಲ್ಲಿ ಖಾಲಿ ಎಂಬುದೇ ಇಲ್ಲ, ನಾಲ್ಕೂ ತುಳಿತಕ್ಕೆ ಒಂದೇ ತೂಕ. ಕುಣಿಯುವವರು ಯಾವ ಗಳಿಗೆಯಲ್ಲಿ ಅಂಗಳಕ್ಕೆ ಇಳಿದರೂ ಹೆಜ್ಜೆ ತಪ್ಪುವುದಿಲ್ಲ. ಡಿಜೆ ಹಾಡಿನ ಒಂದು ತಟ್ಟೆಯ (ರೆಕಾರ್ಡಿನ) ಮೇಲೆ ಇನ್ನೊಂದನ್ನು ಹೊಂದಿಸುವುದೂ ಸಲೀಸು. 'ನಾಲ್ಕು ತುಳಿತ' ಎಂದು ಬರೆಯಿರಿ. ಪೆಡಲ್ ತುಳಿಯುವುದೂ ಅದರಲ್ಲಿದೆ, ಕುಣಿಯುವವರ ಕಾಲೂ ಇದೆ.

ವೇಗಕ್ಕೆ 'ನಿಮಿಷಕ್ಕೆ ಇಷ್ಟು ಬಡಿತ' ಸಾಕು. 'ಡೋಂಟ್ ಸ್ಟಾರ್ಟ್ ನೌ' ನಿಮಿಷಕ್ಕೆ 124 ಬಡಿತ, 'ಲೆವಿಟೇಟಿಂಗ್' 103. ಇಷ್ಟು ಅಂತರವಿದ್ದರೂ ಎರಡನ್ನೂ ಕೇಳುಗರು ಡಿಸ್ಕೊ ಎಂದೇ ಗುರುತಿಸುತ್ತಾರೆ. ಹಾಗಾಗಿ ಗ್ರೂವ್ ವೇಗದಲ್ಲಿಲ್ಲ ಎಂಬ ನಿಮ್ಮ ಅನುಮಾನ ಸರಿ. 'ಲಯ' ಕೈಬಿಡಿ.

'ಠೇಕಾ' (ತಬಲಾದಲ್ಲಿ ತಾಳ ಹಿಡಿಯುವ ಬಡಿತದ ವರಸೆ) ಆಗಬಹುದೇ ಎಂದು ಯೋಚಿಸಿದೆ. ಠೇಕಾ ಡ್ರಮ್ಮಿನ ಪಾಲನ್ನಷ್ಟೇ ಹೇಳುತ್ತದೆ. ಬೇಸ್, ಗಿಟಾರ್ ಅದರಾಚೆ ಉಳಿಯುತ್ತವೆ.

ಉತ್ತರ (ಯಾದಗಿರಿಯಿಂದ)

ಸರ, ಇದಕ್ಕ ಹುಡುಕಾಡೂದು ಏನದ? 'ಗತ್ತು' ಅನ್ರಿ.

ಹಲಗಿ ಬಾರಿಸವ್ರು ಗತ್ತು ಅಂತನೇ ಅಂತಾರ, ಡೊಳ್ಳಿನವ್ರೂ ಅಂತಾರ. ಮೊಹರಂದಾಗ ಅಲಾಯಿ ಕುಣಿ (ಬೆಂಕಿ ಗುಂಡಿ) ಸುತ್ತ ನಿಂತು ನೋಡ್ರಿ. ವೇಗ ಅಷ್ಟೇ ಇರ್ತದ, ಗತ್ತು ಬದಲಾಗ್ತದ, ಕುಣಿಯೋರ ಹೆಜ್ಜಿ ತಾನೇ ಬದಲಾಗ್ತದ. ಬಲಗೈಯಾಗಿನ ದಪ್ಪ ಕೋಲು ಬೀಳೂದು ಒಂದು ಕಡೆ, ಎಡಗೈಯಾಗಿನ ಸಣ್ಣ ಕಡ್ಡಿ ಅದರ ಸಂದಿನಾಗ ಚಿಟಚಿಟ ಅಂತದ. ಇವೆರಡರ ನಡುವಿನ ಹೊಂದಾಣಿಕಿನೇ ಗತ್ತು. ನಿಮ್ಮ ಕಿಕ್ಕು-ಹೈಹ್ಯಾಟು ಅಂದ್ರೂ ಅದೇ ಕೆಲಸ.

ಇನ್ನೊಂದು ಅನುಕೂಲ ಅದ. 'ಗತ್ತು' ಅಂದ್ರ ಠೀವಿ ಅಂತಲೂ ಅರ್ಥ. "ಅವನ ನಡಿಗಿ ಗತ್ತೇ ಬ್ಯಾರೆ" ಅಂತೀವಲ್ಲ. ಡಿಸ್ಕೊ ಹಾಡಿನಾಗ ಬೇಸ್ ಗಿಟಾರು ನಡಿಯೂದು ಹಂಗೇ. "ಈ ಹಾಡಿಗೆ ಗತ್ತು ಇಲ್ಲ" ಅಂದ್ರ ನಮ್ಮ ಕಡಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಬೆಂಗಳೂರು ಕಡಿ ಓದೋರು ಬರೇ ಠೀವಿ ಅಂತ ತಿಳ್ಕೋಬಹುದು. ಅದಕ್ಕ ಮೊದಲ ಸಲ ಬರುವಾಗ 'ಬಡಿತದ ಗತ್ತು' ಅಂತ ಬರೀರಿ, ಆಮ್ಯಾಗ ಬರೇ 'ಗತ್ತು' ಸಾಕು.

ಉತ್ತರ (ಕಲಬುರಗಿಯಿಂದ, ಧ್ವನಿಮುದ್ರಣದ ಕಡೆಯವರು)

'ಗತ್ತು' ನನಗೆ ಪೂರ್ತಿ ಒಪ್ಪಿಗೆ. ಅದನ್ನು ಬಳಸುವಾಗ ಒಳಗಿನ ಯಂತ್ರವನ್ನೂ ಎರಡು ಸಾಲಿನಲ್ಲಿ ಬಿಚ್ಚಿ ತೋರಿಸಿ, ಇಲ್ಲದಿದ್ದರೆ ಹೊಗಳಿಕೆಯ ಮಾತಾಗಿ ಉಳಿಯುತ್ತದೆ.

ನಿಮಿಷಕ್ಕೆ 124 ಎಂದರೆ ಒಂದು ತುಳಿತಕ್ಕೂ ಇನ್ನೊಂದಕ್ಕೂ ನಡುವೆ ಅರ್ಧ ಸೆಕೆಂಡಿಗಿಂತ ತುಸು ಕಡಿಮೆ, 0.48 ಸೆಕೆಂಡು. ಈ ಜಾಗದಲ್ಲಿ ಬೇಸ್ ಎಷ್ಟು ಹೊತ್ತು ಮೊಳಗಬೇಕು, ಎಲ್ಲಿ ಬಾಯಿ ಮುಚ್ಚಬೇಕು ಎನ್ನುವುದರಲ್ಲಿ ಗತ್ತಿನ ಮುಕ್ಕಾಲು ಪಾಲು ಇದೆ. ಡಿಸ್ಕೊ ಬೇಸಿನ ಹಳೆಯ ವರಸೆ ಹೀಗೆ: ತುಳಿತದ ಮೇಲೆ ಖರ್ಜದ ಸಾ, ಸಂದಿನಲ್ಲಿ ಮೇಲಿನ ಸಾ. ಹಾರ್ಮೋನಿಯಂ ಮೇಲೂ ಹಿಡಿದು ನೋಡಬಹುದು. ಹೆಬ್ಬೆರಳಲ್ಲಿ ಒಂದು, ಕಿರುಬೆರಳಲ್ಲಿ ಒಂದು. ಎರಡೂ ಸ್ವರವನ್ನು ಮುಂದಿನದು ಬರುವತನಕ ಎಳೆದು ಹಿಡಿದರೆ ಕೆಸರಾಗುತ್ತದೆ. ತುಸು ಮುಂಚೆಯೇ ಬೆರಳು ಎತ್ತಿದರೆ ಕುಣಿತ ಬರುತ್ತದೆ. ಈ ಆಲ್ಬಮ್ಮಿನ ಬೇಸ್ ಸ್ವರಗಳು ಗಿಡ್ಡ. ನಡುವೆ ಉಸಿರು ತೆಗೆದುಕೊಳ್ಳುತ್ತವೆ.

ಗಿಟಾರಿನದು ಇನ್ನೊಂದು ಪಾಲು. ಡಿಸ್ಕೊ ಗಿಟಾರ್ ವಾದಕ ನೈಲ್ ರಾಜರ್ಸ್ ಅವರಿಂದ ಹೆಸರಾದ ಕೈ ಅದು. ನಾಲ್ಕು ತುಳಿತದ ಒಂದು ಸುತ್ತಿನಲ್ಲಿ ಬಲಗೈ 16 ಸಲ ಮೇಲೆ-ಕೆಳಗೆ ಆಡುತ್ತಲೇ ಇರುತ್ತದೆ. ಎಡಗೈ ಬೆರಳನ್ನು ತಂತಿಯ ಮೇಲೆ ಸುಮ್ಮನೆ ಇಟ್ಟರೆ 'ಚಿಕ್' ಎಂಬ ಒಣ ಸದ್ದು, ಒತ್ತಿದ ಗಳಿಗೆಗೆ ಮಾತ್ರ ಸ್ವರ. ಇದಕ್ಕೆ 'ಅದುಮಿದ ಮೀಟು' ಎನ್ನಬಹುದು. ಕಲಿಯುವವರು ತಪ್ಪುವುದು ಸ್ವರ ಬೇಡವಾದಾಗ ಬಲಗೈಯನ್ನೂ ನಿಲ್ಲಿಸುವುದರಿಂದ. ಕೈ ನಿಂತಿತೋ, ಮರಳಿ ಹಿಡಿಯುವಾಗ ಒಂದು ಕೂದಲೆಳೆ ತಡವಾಗುತ್ತದೆ. ಡ್ಯಾಫ್ಟ್ ಪಂಕ್ ಜೋಡಿಯ 2013ರ 'ರ‍್ಯಾಂಡಮ್ ಆಕ್ಸೆಸ್ ಮೆಮೊರೀಸ್'ನಲ್ಲಿ ರಾಜರ್ಸ್ ಅವರೇ ಗಿಟಾರ್ ಬಾರಿಸಿದ್ದಾರೆ, ಹೋಲಿಸಿ ಕೇಳಿ.

ಇನ್ನು 'ಸೈಡ್‌ಚೈನ್' ಎಂಬ ಮಾತು ನಿಮ್ಮ ಬರಹದಲ್ಲಿ ಬಂದೇ ಬರುತ್ತದೆ. ಕಿಕ್ ಬೀಳುವ ಗಳಿಗೆಗೆ ಬೇಸಿನ ದನಿಯನ್ನು ಯಂತ್ರವೇ ತಗ್ಗಿಸಿ, ಕಿಕ್ ಮುಗಿಯುತ್ತಲೇ ಮೇಲೆತ್ತುವ ಏರ್ಪಾಡು. ಎರಡೂ ಸುಮಾರು 40ರಿಂದ 100 ಹರ್ಟ್ಜ್ (ಸೆಕೆಂಡಿಗೆ ಅಷ್ಟು ಕಂಪನ) ಒಳಗೇ ಮೊಳಗುವುದರಿಂದ ಹೀಗೆ ಮಾಡದಿದ್ದರೆ ಒಂದರ ಮೇಲೊಂದು ಬಿದ್ದು ಎರಡೂ ಮಂಕಾಗುತ್ತವೆ. ನಮ್ಮಲ್ಲಿ "ಬೇಸು ಕಿಕ್ಕಿಗೆ ದಾರಿ ಬಿಡ್ತದ" ಎಂದರೆ ಕೆಲಸ ಆಯಿತು. 70ರ ದಶಕದ ಡಿಸ್ಕೊದಲ್ಲಿ ಈ ದಾರಿಯನ್ನು ವಾದಕನ ಬೆರಳೇ ಬಿಡುತ್ತಿತ್ತು. ಇಂದಿನ ಡಿಸ್ಕೊ-ಪಾಪ್ ಹೊಳಪಾಗಿ ಕೇಳಿಸಲು ಇದೊಂದು ದೊಡ್ಡ ಕಾರಣ.

ಕೇಳುವ ಬಗ್ಗೆ ಒಂದು ಮಾತು. ಮೊಬೈಲಿನ ಸ್ಪೀಕರಿನಲ್ಲಿ ಕೇಳಿ ಈ ಆಲ್ಬಮ್ ಬಗ್ಗೆ ಬರೆಯಬಾರದು. ಬೇಸ್ ಗಿಟಾರಿನ ತೀರಾ ಕೆಳಗಿನ ತಂತಿ 41 ಹರ್ಟ್ಜ್. ಅಷ್ಟು ಸಣ್ಣ ಸ್ಪೀಕರಿಗೆ ಆ ಗಾಳಿಯನ್ನು ತಳ್ಳಲು ಆಗುವುದಿಲ್ಲ. ಕೇಳಿಸುವುದು ಹೈ-ಹ್ಯಾಟು, ಚಪ್ಪಾಳೆ, ದನಿ ಅಷ್ಟೇ. ಮದುವೆ ಮೆರವಣಿಗೆಯ ಡಿಜೆ ಗಾಡಿಯ ಮೇಲೆ ಇದರ ತಿರುಗುಮುರುಗು: ಬೇಸಿನ ಗುಬುಟನ್ನು ಕೊನೆತನಕ ತಿರುಗಿಸಿರುತ್ತಾರೆ, ಕಿಕ್ಕು-ಬೇಸು ಕೂಡಿ ಒಂದೇ ಗುಡುಗು. ಗತ್ತು ಎರಡು ಕಡೆಯೂ ಸಿಗದು. ಸಾಧಾರಣ ಇಯರ್‌ಫೋನಾದರೂ ಕಿವಿಗೆ ಬಿಗಿಯಾಗಿ ಕೂತರೆ ಸಾಕು. ಸಡಿಲಾದರೆ ಮೊದಲು ಸೋರಿ ಹೋಗುವುದೇ ಕೆಳಗಿನ ಸ್ವರ.

ಉತ್ತರ (ಬೀದರಿನಿಂದ, ಮತ್ತೆ)

'ಗತ್ತು' ಗೆದ್ದಿತು, ನನ್ನ ತಕರಾರಿಲ್ಲ.

'ಸ್ಯಾಂಪಲ್', 'ಇಂಟರ್‌ಪೊಲೇಷನ್' ಇವುಗಳ ವ್ಯತ್ಯಾಸವನ್ನು ಕನ್ನಡದ ವಿಮರ್ಶೆಗಳು ಕಲಸಿಬಿಡುತ್ತವೆ. ಎರಡಕ್ಕೂ 'ಕದ್ದದ್ದು' ಎಂದು ಬರೆಯುವವರೂ ಇದ್ದಾರೆ. ಈ ಆಲ್ಬಮ್ಮಿನಲ್ಲಿ ಎರಡಕ್ಕೂ ಮಾದರಿ ಇದೆ. 'ಲವ್ ಅಗೇನ್' ಹಾಡಿನ ತುತ್ತೂರಿ 1932ರ 'ಮೈ ವುಮನ್' ಎಂಬ ಮುದ್ರಣದ್ದು, ಆಲ್ ಬೋಲಿ ಹಾಡಿದ್ದು. ಅದೇ ತುತ್ತೂರಿಯನ್ನು ವೈಟ್ ಟೌನ್ ಎಂಬ ಹೆಸರಿನ ಪಾಪ್ ಸಂಗೀತಗಾರ 1997ರಲ್ಲಿ ಬಳಸಿ ಮತ್ತೆ ಹೆಸರು ಮಾಡಿಸಿದ್ದರು. ಹಳೆಯ ಮುದ್ರಣದ ಸದ್ದನ್ನೇ ಕತ್ತರಿಸಿ ತಂದದ್ದರಿಂದ ಇದು ಸ್ಯಾಂಪಲ್. ಇದಕ್ಕೆ 'ತುಣುಕು' ಎನ್ನಿ: "ಹಳೇ ತಟ್ಟೆಯ ತುಣುಕು ಹಾಕಿದ್ದಾರೆ."

'ಬ್ರೇಕ್ ಮೈ ಹಾರ್ಟ್' ಬೇರೆ ಜಾತಿ. ಅದರ ಪಲ್ಲವಿಯ ಸಾಗು ಐಎನ್‌ಎಕ್ಸ್‌ಎಸ್ ತಂಡದ 1987ರ 'ನೀಡ್ ಯು ಟುನೈಟ್' ಗಿಟಾರಿನ ಎಳೆಗೆ ಹೊಂದುವುದರಿಂದ ಆ ಹಾಡು ಕಟ್ಟಿದವರ ಹೆಸರನ್ನೂ ರಚನಕಾರರ ಪಟ್ಟಿಗೆ ಸೇರಿಸಿದ್ದಾರೆ. ಹಳೆಯ ಮುದ್ರಣದ ಸದ್ದು ಇಲ್ಲಿಲ್ಲ, ಹೊಸದಾಗಿ ಬಾರಿಸಿದ ಎಳೆ ಮಾತ್ರ. ಇದಕ್ಕೆ ನಮ್ಮಲ್ಲಿ ಸಿದ್ಧ ಪದವೇ ಇದೆ: 'ಧಾಟಿ'. ಭಜನೆ ಪುಸ್ತಕಗಳಲ್ಲಿ ಹಾಡಿನ ನೆತ್ತಿಯ ಮೇಲೆ "ಇಂಥ ಹಾಡಿನ ಧಾಟಿ" ಎಂದು ಅಚ್ಚು ಹಾಕುತ್ತಾರೆ. ನಾಟಕದ ಪುಸ್ತಕಗಳಲ್ಲಿ 'ಮಟ್ಟು'. ಆ ಒಂದು ಸಾಲು ಕೆಲಸದಲ್ಲಿ ಇಂದಿನ ಆಲ್ಬಮ್ಮಿನ ಕ್ರೆಡಿಟ್ ಪಟ್ಟಿಯಂತೆಯೇ, ದುಡ್ಡಿನ ಲೆಕ್ಕವೊಂದನ್ನು ಬಿಟ್ಟು.

ಹಾಡಿನ ಅಂಗಗಳಿಗೆ ತತ್ವಪದ, ದಾಸರ ಪದಗಳ ಪದ್ಧತಿ ಹಿಡಿಯಿರಿ: ಕೋರಸ್ಸಿಗೆ 'ಪಲ್ಲವಿ', ವರ್ಸಿಗೆ 'ನುಡಿ'. ಪ್ರೀ ಕೋರಸ್ಸಿಗೆ 'ಅನುಪಲ್ಲವಿ' ಹಾಕುವವರನ್ನು ಕಂಡಿದ್ದೇನೆ, ಅದು ಹೊಂದದು. ಅನುಪಲ್ಲವಿ ಪಲ್ಲವಿ ಆದ ಮೇಲೆ ಬರುವುದು, ಪ್ರೀ ಕೋರಸ್ ಮೊದಲೇ ಬಂದು ಪಲ್ಲವಿಗೆ ಏಣಿ ಹಾಕುವುದು. 'ಏರುನುಡಿ' ಆದೀತು. ಬ್ರಿಡ್ಜ್, ಸಿಂತ್, ರೀಮಿಕ್ಸ್ ಹಾಗೇ ಇರಲಿ. 'ಆಲ್ಬಮ್' ಕೂಡ. 'ಧ್ವನಿಸುರುಳಿ' ಕ್ಯಾಸೆಟ್ಟಿನ ಕಾಲದ್ದು, ಈಗ ಸುರುಳಿಯೇ ಇಲ್ಲ.

ಉತ್ತರ (ಯಾದಗಿರಿಯಿಂದ, ಮತ್ತೆ)

'ಡಿಸ್ಕೊ' ಅನ್ನೂ ಪದಕ್ಕೂ ಒಂದು ಅಡಿಟಿಪ್ಪಣಿ ಬೇಕ್ರಿ. ನಮ್ಮ ಮಂದಿಗೆ ಡಿಸ್ಕೊ ಅಂದ್ರ ಝಗಮಗ ಲೈಟು ಇಲ್ಲಾ ಹಳೇ ಹಿಂದಿ ಸಿನಿಮಾ. ಮೂಲದಾಗ ಫ್ರೆಂಚಿನ 'ಡಿಸ್ಕೊತೆಕ್', ಹಾಡಿನ ತಟ್ಟಿ ಹಾಕಿ ಕುಣಿಸೋ ಜಾಗ. 1980ರ 'ಕುರ್ಬಾನಿ' ಸಿನಿಮಾದಾಗ ನಾಜಿಯಾ ಹಸನ್ ಹಾಡಿದ ಹಾಡು, ಮರುವರ್ಷ ಬಂದ 'ಡಿಸ್ಕೊ ದಿವಾನೆ' ಆಲ್ಬಮ್ಮು, ಎರಡರ ಹಿಂದನೂ ಇದ್ದವರು 'ಬಿದ್ದು' ಅನ್ನೂ ಹೆಸರಿನ ಸಂಗೀತಗಾರರು. ಅವರು ಹುಟ್ಟಿದ್ದು ಬೆಂಗಳೂರಿನಾಗ. 1974ರ 'ಕುಂಗ್ ಫು ಫೈಟಿಂಗ್' ನಿರ್ಮಾಣನೂ ಅವರದೇ. ಡಿಸ್ಕೊ ನಮಗ ಹೊರಗಿಂದು ಅಂತ ಬರಿಯೋಕಿಂತ ಮೊದಲು ಇದೊಂದು ಸಾಲು ಇರ್ಲಿ.

ಆಲ್ಬಮ್ಮಿನ ಹೆಸರನ್ನ ಕನ್ನಡಕ್ಕ ತಿರುವಬ್ಯಾಡ್ರಿ. 'ನಾಳಿನ ಹಳಹಳಿಕೆ' ಅಂತ ಬರದ್ರ ಓದೋರು ಕವನ ಸಂಕಲನ ಅಂತ ತಿಳ್ಕೊತಾರ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಶರಣು. ಕರಡಿನ ಒಂದು ತುಂಡು ಹೀಗೆ ಬಂದಿದೆ, ತಿದ್ದಿ:

"ನಾಲ್ಕು ತುಳಿತದ ಮೇಲೆ ಬೇಸ್ ನಡೆಯುವ ಗತ್ತೇ ಈ ಆಲ್ಬಮ್ಮಿನ ಜೀವ. ಏರುನುಡಿಯಲ್ಲಿ ಬೇಸ್ ಹಿಂದೆ ಸರಿದು, ಪಲ್ಲವಿಗೆ ಮರಳಿ ಬೀಳುತ್ತದೆ. ಆ ಬೀಳುವಿಕೆಗೆ ಕಾಲು ಕಾದಿರುತ್ತದೆ. ಹಳೆಯ ತುಣುಕು, ಹಳೆಯ ಧಾಟಿ ಎರಡೂ ಇವೆ, ಆದರೆ ಧೂಳು ಹಿಡಿದಿಲ್ಲ. ಹತ್ತು, ಹನ್ನೊಂದನೆಯ ಹಾಡಿನಲ್ಲಿ ಗತ್ತು ಇಳಿಯುತ್ತದೆ. ಕೊನೆಯದರಲ್ಲಂತೂ ಮಾತು ಹೇಳುವ ಅವಸರವೇ ಮುಂದೆ."

ಇನ್ನೊಂದು ಸಣ್ಣ ತೊಡಕು ಉಳಿದಿದೆ. ವಾದ್ಯಕ್ಕೆ 'ಬೇಸ್' ಎಂದು ಬರೆದರೆ ಬುನಾದಿ ಎಂಬ ಅರ್ಥದ 'ಬೇಸ್' ಜತೆ ಗೊಂದಲ. 'ಬಾಸ್' ಎಂದರೆ ಯಜಮಾನನಾಗುತ್ತಾನೆ. 'ಬ್ಯಾಸ್' ಎಂದೂ ಕೆಲವರು ಬರೆಯುತ್ತಾರೆ, ಉಚ್ಚಾರ ಹಾಗಿಲ್ಲ.

ಉತ್ತರ (ಕಲಬುರಗಿಯಿಂದ, ಧ್ವನಿಮುದ್ರಣದ ಕಡೆಯವರು, ಮತ್ತೆ)

ಮೊದಲ ಸಲ 'ಬೇಸ್ ಗಿಟಾರ್' ಎಂದು ಪೂರ್ತಿ ಬರೆಯಿರಿ, ಆಮೇಲೆ 'ಬೇಸ್'. ಬುನಾದಿಯ ಅರ್ಥ ಬೇಕಾದ ಕಡೆ 'ಬುನಾದಿ' ಎಂದೇ ಬರೆಯಿರಿ. ಕರಡಿನಲ್ಲಿ 'ಬೀಳುವಿಕೆ' ತೆಗೆದು "ಬೇಸ್ ಬೀಳುವ ಆ ಗಳಿಗೆಗೆ" ಎಂದು ಮಾಡಿ, ಓಟ ಬರುತ್ತದೆ.