ವೈರಲ್ ನ್ಯುಮೋನಿಯಾ ಆದಮೇಲೆ ಓಜೋನ್ ಥೆರಪಿ: ಮಾಡಿಸಿದವರು ಅನುಭವ ಹೇಳಿ

ಪ್ರಶ್ನೆ: ಅಪ್ಪನಿಗೆ ವೈರಲ್ ನ್ಯುಮೋನಿಯಾ ಆಗಿತ್ತು. ಮನೆಗೆ ಬಂದಿದ್ದಾರೆ, ಆದರೆ ಕೆಮ್ಮು, ಸುಸ್ತು ಹೋಗಿಲ್ಲ. ಓಜೋನ್ ಕೊಡಿಸಿ ಅಂತ ಪರಿಚಯದವರ ಒತ್ತಾಯ. ಏನು ಮಾಡಲಿ?

ಗಟ್ಟಿಜೀವ: ಧೈರ್ಯವಾಗಿ ಮಾಡಿಸಿ. ಕೋವಿಡ್ ಆದಮೇಲೆ ನನಗೆ ಮೆಟ್ಟಿಲು ಹತ್ತಲು ಆಗುತ್ತಿರಲಿಲ್ಲ. ರಕ್ತ ತೆಗೆದು, ಬಾಟಲಿಯಲ್ಲಿ ಓಜೋನ್ ಬೆರೆಸಿ, ಮತ್ತೆ ಏರಿಸಿದರು. ಪ್ಯಾಕೇಜ್ ಹಣ ಮೊದಲೇ ಕಟ್ಟಬೇಕು. ಬಾಟಲಿ, ಸೂಜಿ, ಬೆಡ್ ಚಾರ್ಜ್ ಬೇರೆ. ಇನ್ಶೂರೆನ್ಸ್‌ನವರು ಏನೂ ಕೊಡಲಿಲ್ಲ, ಬೈಕ್ ಮಾರಿದೆ. ಇವತ್ತು ಆರಾಮಾಗಿ ಓಡಾಡುತ್ತಿದ್ದೇನೆ.

ಅಣ್ಣನ ತಂಗಿ: ನಮ್ಮಣ್ಣನ ಕತೆ ಕೇಳಿ. ನರ ಸಿಗದೆ ಚುಚ್ಚಿ ಚುಚ್ಚಿ ಮುಂಗೈಯೆಲ್ಲ ನೀಲಿ. ಆಮೇಲೆ ಮೂತ್ರ ಕಪ್ಪಗೆ, ಕಣ್ಣು ಹಳದಿ. ಅವನಿಗೆ ಜಿ6ಪಿಡಿ ಕೊರತೆ, ಅಂದರೆ ಕೆಂಪು ರಕ್ತಕಣ ಕಾಪಾಡುವ ಒಂದು ಕಿಣ್ವದ ಕೊರತೆ ಇತ್ತು. ಅಂಥವರಿಗೆ ಓಜೋನ್ ಕೊಟ್ಟರೆ ಕೆಂಪು ರಕ್ತಕಣ ಒಡೆಯಬಹುದು. ಆ ಕ್ಲಿನಿಕ್‌ನವರು ಟೆಸ್ಟೇ ಮಾಡಿಸಿರಲಿಲ್ಲ! ರಕ್ತ ಹಾಕಿಸಿದ ಖರ್ಚು, ಐಸಿಯು ಬಿಲ್, ಅವನ ಸಂಬಳ ಕಟ್, ಎಲ್ಲ ನಮ್ಮ ತಲೆಗೇ ಬಂತು. ಉಳಿದ ಪ್ಯಾಕೇಜ್ ದುಡ್ಡೂ ವಾಪಸ್ ಕೊಡಲಿಲ್ಲ.

ಗಟ್ಟಿಜೀವ: ಅದು ಕ್ಲಿನಿಕ್ ತಪ್ಪು, ಓಜೋನ್‌ದಲ್ಲ. 2020ರಲ್ಲಿ ಇಟಲಿ, ಸ್ಪೇನ್‌ಗಳಲ್ಲೇ ಕೋವಿಡ್ ರೋಗಿಗಳಿಗೆ ಕೊಟ್ಟಿದ್ದಾರೆ.

ಐಸಿಯು ನರ್ಸ್: ಕೊಟ್ಟಿದ್ದು ನಿಜ ಸರ್. ಸಣ್ಣ ಸಣ್ಣ ಪ್ರಯೋಗ, ಜೊತೆಗೆ ಮಾಮೂಲಿ ಚಿಕಿತ್ಸೆಯೂ ಇತ್ತು. ಸುಸ್ತು ಎಷ್ಟೋ ಜನರಿಗೆ ತಾನಾಗಿಯೇ ಇಳಿಯುತ್ತದೆ. ನಿಮಗೆ ಓಜೋನ್‌ನಿಂದಲೇ ಹೋಯಿತು ಅಂತ ಹೇಗೆ ಹೇಳುತ್ತೀರಿ? ಓಜೋನ್ ವಿಷಾನಿಲ, ಚಿಕಿತ್ಸೆಗೆ ಉಪಯೋಗವಿದೆ ಅಂತ ಗೊತ್ತಾಗಿಲ್ಲ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ನಿಯಮದಲ್ಲೇ ಇದೆ. ನಾನು ಕೋವಿಡ್ ವಾರ್ಡ್‌ನಲ್ಲಿ ರಾತ್ರಿ ಪಾಳಿ ಮಾಡಿದವಳು. ಉಸಿರಿಗೆ ಒದ್ದಾಡುವವರ ಹತ್ತಿರ ದುಡ್ಡು ಕೀಳುವುದು ಕಂಡರೆ ಮೈ ಉರಿಯುತ್ತದೆ.

ಗಟ್ಟಿಜೀವ: ನನ್ನ ಮೈ ನನಗೆ ಗೊತ್ತಿಲ್ವಾ ಮೇಡಂ? ಮಲಗಿದ್ದವನು ನಾನು.

ಮೆಷಿನ್ ತಗೊಂಡವನು: ನಾನು ಮನೆಗೇ ಓಜೋನ್ ಮೆಷಿನ್ ತಂದಿದ್ದೆ. ರೂಮಲ್ಲಿ ಹಾಕಿದರೆ ವೈರಸ್ ಸಾಯುತ್ತದೆ ಅಂದಿದ್ದರು. ಎದೆ ಉರಿ, ಒಣಕೆಮ್ಮು ಹತ್ತಿಕೊಂಡು ಈಗ ಇನ್ಹೇಲರ್ ಬಂದಿದೆ. ಅದರ ಖರ್ಚು ತಿಂಗಳು ತಿಂಗಳೂ ಇದ್ದೇ ಇದೆ.

ಗಟ್ಟಿಜೀವ: ಗಾಳಿಗೆ ಬಿಡುವ ಮೆಷಿನ್‌ಗೂ ಥೆರಪಿಗೂ ಏನ್ರೀ ಸಂಬಂಧ? ಥೆರಪಿಯಲ್ಲಿ ಓಜೋನ್ ಮೂಗಿಗೆ ಹೋಗಲೇಬಾರದು. ಸುಮ್ನೆ ಎಲ್ಲ ಸೇರಿಸಿ ಹೆದರಿಸಬೇಡಿ.

ಐಸಿಯು ನರ್ಸ್: ಮೂಗಿಗೆ ಹೋಗಬಾರದು ಅಂತ ಗಟ್ಟಿಜೀವ ಅವರು ಹೇಳಿದ್ದು ಸರಿ ಇದೆ. ವೈರಸ್ ಸಾಯುವಷ್ಟು ಓಜೋನ್ ರೂಮಲ್ಲಿ ಇದ್ದರೆ ಅಲ್ಲಿ ಮನುಷ್ಯ ಇರಬಾರದು.

ಮೆಷಿನ್ ತಗೊಂಡವನು: ಮಾರುವಾಗ ಇದನ್ನು ಹೇಳಲೇ ಇಲ್ಲ! ಈಗ ಡಬ್ಬಿ ಒಡೆದಿದ್ದೀರಿ, ವಾಪಸ್ ಇಲ್ಲ ಅನ್ನುತ್ತಾರೆ. ಡಬ್ಬಿ ಒಡೆಯದೆ ಹೇಗ್ರೀ ಉಪಯೋಗಿಸೋದು? ಯಾರಿಗಾದರೂ ದುಡ್ಡು ವಾಪಸ್ ಬಂದಿದೆಯಾ?