ರೂಪಾಂತರ ಶಿಲೆಗೆ ‘ಬೆಂದ ಕಲ್ಲು’ ಅನ್ನಬಹುದೇ?

ಗೆಳೆಯರೇ, ಒಂದು ಪದದ ಬಗ್ಗೆ ನಿಮ್ಮ ಅಭಿಪ್ರಾಯ ಬೇಕು.

ಹೋದ ವಾರ ಗದಗದಿಂದ ಮಕ್ಕಳನ್ನು ಲಕ್ಕುಂಡಿಗೆ ಕರೆದುಕೊಂಡು ಹೋಗಿದ್ದೆ. ಕಾಶಿ ವಿಶ್ವೇಶ್ವರ ಗುಡಿಯ ಬಾಗಿಲ ಮುಂದೆ ನಿಂತು, “ಇದು ರೂಪಾಂತರ ಶಿಲೆ” ಎಂದೆ. “ಅಂದ್ರ ಕರಗಿ ಬ್ಯಾರೆ ಆಗೇತೇನ್ರಿ?” ಎಂದು ಒಬ್ಬ ಹುಡುಗಿ ಕೇಳಿದಳು. ಕರಗಿಲ್ಲ ಎಂದೆ. “ಮತ್ತ ಹೆಂಗ ಬದಲಾತು?”

ಒಳ್ಳೆಯ ಪ್ರಶ್ನೆ, ಅಲ್ವಾ? ಕರಗುವುದು ಅಗ್ನಿಶಿಲೆಯ ಕಥೆ. ಅಲ್ಲಿ ಕರಗಿದ ಕಲ್ಲಿಗೆ ನಮ್ಮಲ್ಲಿ ‘ಶಿಲಾಪಾಕ’ ಎಂಬ ಚಂದದ ಪದವಿದೆ. ಪಾಕ ನೆಲದೊಳಗೆ ನಿಧಾನವಾಗಿ ಆರಿದರೆ ಕಲ್ಲುಸಕ್ಕರೆಯ ಹಾಗೆ ಹರಳು ದೊಡ್ಡದಾಗುತ್ತದೆ, ಅದು ಗ್ರಾನೈಟ್. ಮೇಲಕ್ಕೆ ಉಕ್ಕಿ ಬೇಗ ಆರಿದರೆ ಕಣ್ಣಿಗೆ ಕಾಣದಷ್ಟು ಸಣ್ಣ ಹರಳು, ಅದು ಬಸಾಲ್ಟ್. ‘ಪಾಕ’ ಅಂದರೆ ಅರ್ಧ ಪಾಠ ಮುಗಿದ ಹಾಗೆ. ‘ಅಗ್ನಿ’ ಅಂದಾಗ ಮಾತ್ರ ಮಕ್ಕಳು ಉರಿಯುವ ಬೆಂಕಿಯನ್ನೇ ನೆನೆಯುತ್ತಾರೆ. ಅಲ್ಲಿ ಏನೂ ಉರಿಯುವುದಿಲ್ಲ.

ಲಕ್ಕುಂಡಿಯ ಕಲ್ಲು ಕ್ಲೋರೈಟ್ ಶಿಸ್ಟ್, ಅಂದರೆ ಕ್ಲೋರೈಟ್ ಎಂಬ ಹಸಿರು ಖನಿಜ ತುಂಬಿದ, ಹಾಳೆ ಹಾಳೆಯಾದ ರೂಪಾಂತರ ಶಿಲೆ. ಇಂಥದ್ದು ಹೆಚ್ಚಾಗಿ ಬಸಾಲ್ಟ್‌ನಂಥ ಕಲ್ಲು ಬದಲಾಗಿ ಆಗುತ್ತದೆ. ನೆಲದಾಳದಲ್ಲಿ ಸುಮಾರು 300ರಿಂದ 500 ಡಿಗ್ರಿ ಕಾವು, ಮೇಲಿಂದ ಭಾರೀ ಒತ್ತಡ. ಬಸಾಲ್ಟ್ ಕರಗಲು 1,000 ಡಿಗ್ರಿಗೂ ಜಾಸ್ತಿ ಬೇಕು. ಹಾಗಾಗಿ ಕಲ್ಲು ಗಟ್ಟಿಯಾಗಿದ್ದುಕೊಂಡೇ ಒಳಗಿನ ಖನಿಜ ಬದಲಾಗುತ್ತದೆ. ಕ್ಲೋರೈಟ್‌ನ ತೆಳು ಹಾಳೆಗಳು ಹುಟ್ಟಿ ಒಂದೇ ದಿಕ್ಕಿಗೆ ಮಲಗುತ್ತವೆ. ಕಲ್ಲಿಗೆ ಹಸಿರು ಛಾಯೆ ಬರುವುದು ಅದರಿಂದಲೇ. ಉಳಿಗೆ ಸುಲಭವಾಗಿ ಬಗ್ಗುವಷ್ಟು ಮೆತ್ತಗಾಗುವುದೂ ಅದರಿಂದಲೇ. ಆ ಬಾಗಿಲಿನ ಬಳ್ಳಿಗಳ ನಡುವೆ ಬೆರಳ ತುದಿಯೂ ಹೋಗದಂಥ ಸಂದುಗಳಿವೆ. ಅಲ್ಲೂ ಉಳಿ ಹೋಗಿದೆ.

ಹುಡುಗಿಗೆ ಕಡೆಗೆ ಇಟ್ಟಿಗೆ ಭಟ್ಟಿ ತೋರಿಸಿ ಹೇಳಿದೆ: ಹಸಿ ಇಟ್ಟಿಗೆ ಕರಗುವುದಿಲ್ಲ, ಬೇಯುತ್ತದೆ. ಬೆಂದ ಮೇಲೆ ನೀರಿಗೆ ಹಾಕಿದರೂ ಮತ್ತೆ ಮಣ್ಣಾಗುವುದಿಲ್ಲ. ಅವಳಿಗೆ ತಟ್ಟನೆ ತಿಳಿಯಿತು.

ಅದಕ್ಕೇ ಕೇಳುತ್ತಿರುವುದು. ‘ರೂಪಾಂತರ’, ‘ಮಾರ್ಪಟ್ಟ’ ಎರಡೂ ಬದಲಾಯಿತು ಅನ್ನುತ್ತವೆ, ಹೇಗೆ ಅನ್ನುವುದಿಲ್ಲ. ‘ಬೆಂದ ಕಲ್ಲು’ ಹೇಳುತ್ತದೆ. ಆದರೆ ಅದರಲ್ಲಿ ಒತ್ತಡ ಬಿಟ್ಟುಹೋಗುತ್ತದೆ. ‘ಅದುಮಿ ಬೆಂದ ಕಲ್ಲು’ ಉದ್ದವಾಯಿತು. ಎರಡನ್ನೂ ಹಿಡಿಯುವ ಒಂದು ಕ್ರಿಯಾಪದ ನಿಮ್ಮ ಕಡೆ ಇದೆಯೇ? ಹಾಗೆಯೇ, ಹಾಳೆ ಹಾಳೆಯಾಗಿ ಏಳುವ ಇಂಥ ಕಲ್ಲಿಗೆ ಕಪ್ಪತಗುಡ್ಡದ ಸುತ್ತಲಿನ ಊರುಗಳಲ್ಲಿ ಏನು ಹೆಸರು? ಅಲ್ಲಿನ ಕಲ್ಲುಕುಟಿಗರ ಬಾಯಲ್ಲಿ ಕೇಳಿದವರು ದಯವಿಟ್ಟು ಬರೆಯಿರಿ.